ಪಡಸಾಲೆಯಲ್ಲಿ ಸೋರಿದ ಎಣ್ಣೆ

ದೇವರ ಪಟಗಳಿಗೆ ಎದುರಾಗಿ ಪಡಸಾಲೆಯ ನಡುವೆ ಮೋಟಾರ್ ಸೈಕಲ್ ನಿಲ್ಲಿಸಿಕೊಂಡ ಮನೆ ನೊಣವಿನಕೆರೆಯಲ್ಲಿ ಚಿಕ್ಕರಂಗಯ್ಯನವರದು ಒಂದೇ. ಮಿಲಿಟರಿಯವರು ಹಳೆಯ ಗಾಡಿಗಳನ್ನು ಹರಾಜು ಹಾಕಿದ ಕಾಲದಲ್ಲಿ ಅವರ ಅಪ್ಪ ಕೊಂಡು ತಂದದ್ದು ಅದು. ಬದುಕೆಲ್ಲ ಖಾಸಗಿ ಬಸ್ಸಿನ ಸ್ಟೇರಿಂಗ್ ಹಿಡಿದ ಚಿಕ್ಕರಂಗಯ್ಯ, ಬಸ್ಸನ್ನಾದರೂ ಕ್ಲೀನರನ ಕೈಗೆ ಬಿಟ್ಟಾರು, ಈ ಗಾಡಿಯ ಒಂದು ಬೋಲ್ಟು ಮುಟ್ಟಲು ಯಾರನ್ನೂ ಬಿಟ್ಟವರಲ್ಲ. ಮಳೆಗೆ ತುಕ್ಕು ಹಿಡಿಯುತ್ತದೆ, ಬಿಸಿಲಿಗೆ ಬಣ್ಣ ಹೋಗುತ್ತದೆ ಎಂದು ಅದಕ್ಕೆ ಮನೆಯೊಳಗೇ ಜಾಗ. ಸೊಸೆ ಮಂಗಳಾ ಸೇರಕ್ಕಿ ಒದ್ದು ಒಳಗೆ ಕಾಲಿಟ್ಟ ದಿನ ಅವಳ ಸೀರೆಯ ಅಂಚಿಗೆ ಮೊದಲು ತಗುಲಿದ್ದೇ ಅದರ ಪೆಡಲು.

ಗಾಡಿಗೆ ವಯಸ್ಸಾಗಿತ್ತು. ಎಂಜಿನ್ನಿನ ಅಡಿಗೆ ಬೋಗುಣಿಯ ಹಾಗೆ ಒಂದು ಚೇಂಬರ್ ಇರುತ್ತದೆ. ಎಂಜಿನ್ ಆಯಿಲ್ ನಿಲ್ಲುವುದು ಅದರಲ್ಲೇ. ಚೇಂಬರಿಗೂ ಎಂಜಿನ್ನಿಗೂ ನಡುವೆ ಕೂರುವ ರಟ್ಟಿನಂಥ ಪ್ಯಾಕಿಂಗ್ ಒಣಗಿ ಬಿರುಕುಬಿಟ್ಟಿತ್ತು. ಆ ಬಿರುಕಿನಲ್ಲಿ ಎಣ್ಣೆ ಹನಿಹನಿಯಾಗಿ ನೆಲಕ್ಕೆ ಇಳಿಯುತ್ತಿತ್ತು. ರೆಡ್ ಆಕ್ಸೈಡ್ ನೆಲ ಮೊದಲೇ ನುಣುಪು. ಮಂಗಳಾ ಬೆಳಿಗ್ಗೆ ಎದ್ದವಳೇ ಕಸ ಗುಡಿಸುವ ಮುಂಚೆ ಬೂದಿ ಹಾಕಿ ಉಜ್ಜಬೇಕು, ಸಂಜೆ ದೀಪ ಹಚ್ಚುವ ಮುಂಚೆ ಇನ್ನೊಂದು ಸಲ. ಕೊನೆಗೆ ಬೇಸತ್ತು ತೂತು ಬೀಳದೆ ಉಳಿದಿದ್ದ ಒಂದು ಹಳೆಯ ಅಲ್ಯೂಮಿನಿಯಂ ತಟ್ಟೆಯನ್ನು ಎಂಜಿನ್ನಿನ ಕೆಳಗೆ ಇಟ್ಟಳು. ತುಂಬಿದಾಗ ಹಿತ್ತಿಲಿಗೆ ಒಯ್ದು ಡಬ್ಬಕ್ಕೆ ಸುರಿಯುವುದು, ಒರೆಸಿ ಮತ್ತೆ ಇಡುವುದು. ಅವಳ ಬೆಳಗಿನ ಕೆಲಸಗಳಲ್ಲಿ ಅದೂ ಒಂದಾಯಿತು.

ದೀಪಾವಳಿ ಕಳೆದ ಮೇಲೆ ಒಂದು ರಾತ್ರಿ ಊಟಕ್ಕೆ ಕೂತಾಗ ಅವಳು ಮಾತು ತೆಗೆದಳು.

"ಮಾವ, ರಾಗಿ ಚೀಲದ ತಳಕ್ಕೆ ಎಣ್ಣೆ ಹತ್ತೈತೆ. ಬೀಸಿಸ್ಕೊಂಡು ಬಂದ್ರೆ ಹಿಟ್ಟೆಲ್ಲ ವಾಸನೆ."

"ಚೀಲ ಅತ್ಲಾಗೆ ಸರ್ಸು. ಗಾಡಿ ಪಕ್ಕ ಮಡಗು ಅಂದೋರ್ಯಾರು?" ಚಿಕ್ಕರಂಗಯ್ಯ ಮುದ್ದೆ ಮುರಿಯುತ್ತ ಅಂದರು.

"ಬ್ಯಾರೆ ಕಡೆ ಜಾಗ ಎಲ್ಲೈತೆ? ಅಟ್ಟದ ತುಂಬ ಕೊಬ್ಬರಿ."

ತಿಪಟೂರಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಮೊಮ್ಮಗಳು ಯೋಗಿತಾ ನಡುವೆ ಬಾಯಿ ಹಾಕಿದಳು. "ತಾತ, ತಿಪಟೂರಲ್ಲಿ ಬಿಟ್ಟು ಬಂದ್ರೆ ಒಂದೇ ದಿನಕ್ಕೆ ಪ್ಯಾಕಿಂಗ್ ಹಾಕ್ಕೊಡ್ತಾರೆ."

"ಹಾಕ್ಕೊಡ್ತಾರೆ, ಬೋಲ್ಟ್ ಮುರಿದು. ಇದ್ರ ಬೋಲ್ಟು ಈಗ ಎಲ್ಲೂ ಸಿಗಲ್ಲ ಕಣಮ್ಮ."

"ಹಂಗಾದ್ರೆ ನೀವೇ ಹಾಕಿ."

"ಹಾಕ್ತೀನಿ. ಬಿಡುವಾಗ್ಲಿ."

ಚಿಕ್ಕರಂಗಯ್ಯನವರಿಗೆ ಬಿಡುವೇನೂ ಇಲ್ಲದಿರಲಿಲ್ಲ. ಎರಡು ವರ್ಷದಿಂದ ಕೈ ನಡುಗುತ್ತಿತ್ತು. ಮಜ್ಜಿಗೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದರು. ಅದನ್ನು ಅವರೂ ಹೇಳುತ್ತಿರಲಿಲ್ಲ, ಮನೆಯವರೂ ಆಡುತ್ತಿರಲಿಲ್ಲ. ಮಗ ರಂಗರಾಜು ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ತೂಕ ನೋಡುವವನು. ಇಡೀ ದಿನ ರೈತರ ಜೊತೆ ಕೂಗಾಡಿ ಬರುವ ಅವನಿಗೆ ಮನೆಯಲ್ಲಿ ಬೇಕಾದದ್ದು ಒಂದೇ, ಸದ್ದಿಲ್ಲದ ಊಟ. "ಸಾರು ಬಿಡೇ" ಎಂದು ತಟ್ಟೆ ಮುಂದೆ ಸರಿಸಿದ.

ಯೋಗಿತಾ ಯಾವಾಗಲೋ ಗಾಡಿಯ ಫೋಟೋ ತೆಗೆದು ಫೋನಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದಳು. ಅದನ್ನು ನೋಡಿ ತುಮಕೂರಿನಿಂದ ಬಾಲರಾಜು ಎಂಬಾತ ಫೋನು ಮಾಡಿದ. ಹಳೆಯ ಗಾಡಿಗಳ ಪ್ರದರ್ಶನ ಮಾಡುವ ಗೆಳೆಯರ ಗುಂಪೊಂದಿದೆಯಂತೆ, ಶಿವರಾತ್ರಿ ಹೊತ್ತಿಗೆ ದೊಡ್ಡದಾಗಿ ನಡೆಸುತ್ತಾರಂತೆ, ಭಾನುವಾರ ಬಂದು ಗಾಡಿ ನೋಡಬಹುದೇ ಎಂದು ಕೇಳಿದ. ಅವತ್ತಿನಿಂದ ಚಿಕ್ಕರಂಗಯ್ಯನವರ ನಡಿಗೆಯೇ ಬೇರೆಯಾಯಿತು. ಸೀಮೆಎಣ್ಣೆ ಬಟ್ಟೆ ಹಿಡಿದು ಚಕ್ರದ ಕಡ್ಡಿಕಡ್ಡಿಯನ್ನೂ ಒರೆಸಿದರು. ಹೆಂಡತಿ ಗಂಗಕ್ಕನಿಗೆ, "ಅವತ್ತು ಒಸಿ ಒಳ್ಳೆ ಸೀರೆ ಉಟ್ಕೊ" ಎಂದು ಎರಡೆರಡು ಸಲ ಹೇಳಿದರು.

ಭಾನುವಾರ ಮಂಗಳಾ ಬೆಳಿಗ್ಗೆಯೇ ತಟ್ಟೆ ಬರಿದು ಮಾಡಿ, ಒರೆಸಿ, ಸರಿಯಾಗಿ ಹನಿ ಬೀಳುವ ಜಾಗಕ್ಕೆ ಇಟ್ಟಳು. ಆಮೇಲೆ ಒಲೆಯ ಮುಂದಿನಿಂದ ಏಳಲು ಆಗಲಿಲ್ಲ. ಕೋಳಿ ಸಾರಿಗೆ ಮಸಾಲೆ ರುಬ್ಬಬೇಕಿತ್ತು, ಮುದ್ದೆಗೆ ಎಸರಿಡಬೇಕಿತ್ತು. ಹೊರಗೆ ಕಾರು ನಿಂತ ಸದ್ದು, ಚಿಕ್ಕರಂಗಯ್ಯನವರ ಗಟ್ಟಿ ನಗು, ಹೊಸಬರ ಮಾತು ಅವಳಿಗೆ ಅಡುಗೆಮನೆಯಲ್ಲೇ ಕೇಳಿದವು. ತುಂಬಾ ಹೊತ್ತು ಮಾವ ಗಾಡಿಯ ಚರಿತ್ರೆ ಹೇಳಿದರು. ಕಾಫಿ ಕಾಸಿ ಲೋಟಗಳಿಗೆ ಬಗ್ಗಿಸಿ ಕೊಟ್ಟವಳು ಅವಳು. ಟ್ರೇ ಹಿಡಿದು ಹೋದದ್ದು ಗಂಗಕ್ಕ.

ಮೊದಲು ಲೋಟಗಳು ಬಿದ್ದ ಸದ್ದು, ಆಮೇಲೆ ಗಂಗಕ್ಕನ ಕೂಗು.

ಮಂಗಳಾ ಓಡಿಬಂದಾಗ ಅತ್ತೆ ಗಾಡಿಯ ಪಕ್ಕದಲ್ಲಿ ಬಿದ್ದಿದ್ದಳು. ಒಂದು ಕಾಲು ಹೊರಕ್ಕೆ ತಿರುಗಿಕೊಂಡಿತ್ತು. ರೇಷ್ಮೆ ಅಂಚಿನ ಸೀರೆಗೆ ಕಾಫಿ, ಹಿಮ್ಮಡಿಗೆ ಎಣ್ಣೆ. ಎಂಜಿನ್ನಿನ ಕೆಳಗೆ ನೆಲ ಕಪ್ಪಗೆ ಮಿರಮಿರ ಅನ್ನುತ್ತಿತ್ತು. ತಟ್ಟೆ ಇರಲಿಲ್ಲ.

"ತಟ್ಟೆ ಮಡಗು, ತಟ್ಟೆ ಮಡಗು ಅಂತ ದಿನಾ ಬಡ್ಕೋತೀನಿ," ಚಿಕ್ಕರಂಗಯ್ಯ ಬಂದವರ ಕಡೆ ತಿರುಗಿ ಹೇಳುತ್ತಿದ್ದರು. "ನೀವು ಬರೋ ದಿನಾನೇ ಮರ್ತವ್ಳೆ ನೋಡಿ."

ಮಂಗಳಾ ಅತ್ತೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು, ಅವಳ ನರಳಾಟದ ನಡುವೆ ವಾದ ಮಾಡುವುದು ಹೇಗೆ? ಬಾಲರಾಜುವಿನ ಕಾರಿನಲ್ಲೇ ತಿಪಟೂರಿಗೆ ಕರೆದುಕೊಂಡು ಹೋದರು. ಅಲ್ಲಿಂದ ಹಾಸನಕ್ಕೆ ಕಳಿಸಿದರು. ಸೊಂಟದ ಹತ್ತಿರ ತೊಡೆಯ ಮೂಳೆ ಮುರಿದಿದೆ, ಆಪರೇಷನ್ ಮಾಡಿ ರಾಡ್ ಹಾಕಬೇಕು ಎಂದು ಅಲ್ಲಿನ ಡಾಕ್ಟರು ಹೇಳಿದರು.

ಬಟ್ಟೆಬರೆ ತರಲು ಮಂಗಳಾ ಮಾರನೆಯ ದಿನ ಮನೆಗೆ ಬಂದಳು. ಸೂಟ್‌ಕೇಸಿಗೆಂದು ಪಡಸಾಲೆಯ ಮೂಲೆಯಲ್ಲಿದ್ದ ಮಾವನ ಮಂಚದ ಕೆಳಗೆ ಕೈ ಹಾಕಿದರೆ, ಗೋಣಿಚೀಲದ ಹಿಂದೆ ಅಲ್ಯೂಮಿನಿಯಂ ತಟ್ಟೆ. ಅದರಲ್ಲಿ ತೆಳ್ಳಗೆ ಎಣ್ಣೆ ಇತ್ತು. ಗಾಡಿಯ ಕೆಳಗೆ ತಟ್ಟೆ ಇದ್ದರೆ ಸೋರುತ್ತದೆಂದು ನೋಡುವವರಿಗೆ ಗೊತ್ತಾಗುತ್ತದೆ. ಗೊತ್ತಾಗದಿರಲಿ ಎಂದು ತೆಗೆದು ತಳ್ಳಿದವರು ಯಾರೆಂದು ಕೇಳಬೇಕಾದದ್ದೇ ಇರಲಿಲ್ಲ.

ಆಸ್ಪತ್ರೆಯ ವರಾಂಡದಲ್ಲಿ ಗಂಡನಿಗೆ ಹೇಳಿದಳು. "ನಾನು ಮಡಗಿದ್ದೆ ಕಣ್ರೀ. ಮಂಚದ ಕೆಳಗೆ ಸಿಕ್ತು. ಮಾವನೇ ಎತ್ತಿ ಮಡಗವ್ರೆ."

ರಂಗರಾಜು ಬಾಟಲಿಯ ನೀರು ಕುಡಿದು ಮುಚ್ಚಳ ತಿರುಗಿಸಿದ. "ಇರ್ಬೋದು. ಈಗ ಅದನ್ನ ಹಿಡ್ಕೊಂಡು ಏನ್ ಮಾಡ್ಬೇಕು?"

"ಬಂದೋರ್ಗೆಲ್ಲ ನನ್ ಮೇಲೆ ಹೇಳ್ತಾವ್ರೆ."

"ಹೇಳ್ಲಿ ಬುಡು. ವಯಸ್ಸಾದೋರು. ನಿಂದೇನು ಗಂಟು ಹೋಯ್ತು?"

ಒಳಗಿನಿಂದ ನರ್ಸು ಕರೆದಳು, ಮಂಗಳಾ ಎದ್ದು ಹೋದಳು.

ಗಂಗಕ್ಕನನ್ನು ಮನೆಗೆ ತಂದ ಮೇಲೆ ಮಂಗಳಾಳ ದಿನ ಬೇರೆಯೇ ಆಯಿತು. ಮಗ್ಗುಲು ಹೊರಳಿಸಬೇಕು, ಮಲಮೂತ್ರಕ್ಕೆ ಪಾತ್ರೆ ಕೊಡಬೇಕು, ತೊಳೆಯಬೇಕು, ಬೆನ್ನಿಗೆ ಹುಣ್ಣಾಗದ ಹಾಗೆ ಪೌಡರ್ ಹಾಕಬೇಕು. ಊರ ಹೆಂಗಸರು ಅವಳಿಗೆ ಹೊಲಿಯಲು ಕೊಟ್ಟ ಬ್ಲೌಸ್ ಬಟ್ಟೆಗಳು ಹೊಲಿಗೆ ಮೆಷಿನ್ನಿನ ಮೇಲೆ ರಾಶಿ ಬಿದ್ದವು. ಕೆಲವರು ಬಂದು ಬಟ್ಟೆ ವಾಪಸ್ ಒಯ್ದರು. ನೋಡಲು ಬಂದ ನೆಂಟರು ಬ್ರೆಡ್ಡು, ಬಾಳೆಹಣ್ಣು ಹಿಡಿದು ಪಡಸಾಲೆಯಲ್ಲಿ ಕೂರುತ್ತಿದ್ದರು. ಚಿಕ್ಕರಂಗಯ್ಯ ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳುತ್ತಿದ್ದರು. ಹೇಳುತ್ತ ಹೇಳುತ್ತ ಕಥೆಗೆ ಕೈಕಾಲು ಬಂದಿತ್ತು. ಈಗಿನ ಕಥೆಯಲ್ಲಿ ಅವರು ಅವತ್ತು ಬೆಳಿಗ್ಗೆ ಸೊಸೆಯನ್ನು ಕರೆದು, ತಟ್ಟೆ ತೋರಿಸಿ, ಎಚ್ಚರಿಸಿದ್ದರು.

ಪಕ್ಕದ ಮನೆ ಹುಚ್ಚಕ್ಕ ಅಡುಗೆಮನೆಯವರೆಗೂ ಬಂದು ಕೇಳಿದಳು. "ಅಲ್ಲ ಕಣೇ ಮಂಗಳಾ, ಒಂದ್ ತಟ್ಟೆ ಮಡಗಾಕೆ ಆಗ್ಲಿಲ್ವಾ ನಿಂಗೆ?"

"ಮಡಗಿದ್ದೆ."

"ಮಡಗಿದ್ರೆ ಎಲ್ ಹೋಯ್ತದೆ?"

"ಅದನ್ನ ಪಡಸಾಲೇಲಿ ಕೂತಿರೋರ್ನ ಕೇಳು."

ಹುಚ್ಚಕ್ಕ ಕೇಳಲಿಲ್ಲ. ಮಂಗಳಾ ಮಾವನಿಗೆ ಎದುರು ಮಾತಾಡುತ್ತಾಳೆ ಎಂಬುದನ್ನು ಮಾತ್ರ ಬೀದಿಯ ತುದಿಯವರೆಗೂ ಒಯ್ದಳು.

ತಟ್ಟೆಯ ಮಾತು ಬಂದಾಗಲೆಲ್ಲ ಗಂಗಕ್ಕ ಗೋಡೆಯ ಕಡೆಗೆ ಮುಖ ತಿರುಗಿಸುತ್ತಿದ್ದಳು. ನೋವಿಗೆ ಎಂದುಕೊಂಡಿದ್ದಳು ಮಂಗಳಾ.

ಸಂಕ್ರಾಂತಿ ಮುಗಿದ ವಾರ ಬಾಲರಾಜು ಮತ್ತೆ ಫೋನು ಮಾಡಿದ. ಗಂಗಕ್ಕನ ಆರೋಗ್ಯ ವಿಚಾರಿಸಿ, ಗಾಡಿಯ ಸೋರುವಿಕೆ ನಿಂತರೆ ಪ್ರದರ್ಶನಕ್ಕೆ ತರಬಹುದು, ನಾವೇ ವ್ಯಾನು ಕಳಿಸುತ್ತೇವೆ ಅಂದ. ಚಿಕ್ಕರಂಗಯ್ಯ ಫೋನಿಟ್ಟವರೇ ಪೆಟ್ಟಿಗೆಯಿಂದ ಸ್ಪ್ಯಾನರುಗಳನ್ನು ತೆಗೆದು ನೆಲದ ಮೇಲೆ ಹರಡಿದರು.

"ಯೋಗಿತಾ, ಬಾ ಇಲ್ಲಿ. ಚೇಂಬರ್ ಬಿಚ್ಚಬೇಕು, ಹಿಡ್ಕೊ."

ಯೋಗಿತಾ ಚೀಲ ಹೆಗಲಿಗೇರಿಸಿ ಕಾಲೇಜಿಗೆ ಹೊರಟಿದ್ದಳು. ಬಾಗಿಲಲ್ಲಿ ನಿಂತು ಹೇಳಿದಳು. "ಅಜ್ಜಿ ಬಿದ್ದಾಗ ನೆನಪಾಗದ ಪ್ಯಾಕಿಂಗು ಈಗ ನೆನಪಾಯ್ತಾ ತಾತ?"

"ಏನಂದೆ?" ಒಳಗಿನಿಂದ ಬಂದ ರಂಗರಾಜು ಮಗಳ ಮೇಲೆ ಕೈ ಎತ್ತಿದ. ಮಂಗಳಾ ನಡುವೆ ಬಂದು ನಿಂತಳು. ಏಟು ಬೀಳಲಿಲ್ಲ. ಯೋಗಿತಾ ತಿಂಡಿ ತಿನ್ನದೆ ಬಸ್ಸಿಗೆ ಹೋದಳು. ರಂಗರಾಜು, "ಇದೆಲ್ಲ ನೀನು ಕಲ್ಸಿರೋದು" ಎಂದು ಹೆಂಡತಿಗೆ ಹೇಳಿ ತಾನೂ ಹೋದ.

ಮುದುಕರು ಒಬ್ಬರೇ ನೆಲಕ್ಕೆ ಕೂತರು. ಸ್ಪ್ಯಾನರು ಬೋಲ್ಟಿಗೆ ಕೂರುತ್ತಿರಲಿಲ್ಲ. ಕೂತರೆ ಜಾರುತ್ತಿತ್ತು. ಟಣ್ಣನೆ ನೆಲಕ್ಕೆ ಬೀಳುತ್ತಿತ್ತು. ಮತ್ತೆ ಎತ್ತಿಕೊಳ್ಳುವುದು, ಮತ್ತೆ ಬೀಳುವುದು. ಒಳಕೋಣೆಯ ಮಂಚದಿಂದ ಗಂಗಕ್ಕ ಕೂಗಿದಳು. "ಮಂಗಳಾ, ಹೋಗಿ ಒಸಿ ಹಿಡ್ಕೊಳ್ಳೇ. ಕೈ ಮೇಲೆ ಬೀಳಿಸ್ಕೋತಾರೆ."

ಮಂಗಳಾ ಕೈಯಲ್ಲಿದ್ದ ಸೌಟು ಇಟ್ಟು ಬಂದಳು. ಮಾವ ಸ್ಪ್ಯಾನರು ಅವಳ ಕಡೆಗೆ ಚಾಚಿದರು.

ಅದು ಒಂದು ದಿನದ ಕೆಲಸವಾಗಲಿಲ್ಲ. ಮಧ್ಯಾಹ್ನ ಅತ್ತೆಗೆ ಊಟ ಮಾಡಿಸಿ, ಪಾತ್ರೆ ತೊಳೆದು, ಸಿಕ್ಕ ಹೊತ್ತಿನಲ್ಲಿ ಅವಳು ಗಾಡಿಯ ಪಕ್ಕ ಕೂರುತ್ತಿದ್ದಳು. ಮೊದಲ ದಿನ ಎಣ್ಣೆಯೆಲ್ಲ ಬಸಿದದ್ದಾಯಿತು. ಆಮೇಲೆ ಬೋಲ್ಟುಗಳು.

"ಒಂದೇ ಕಡೆಯಿಂದ ಬಿಚ್ಕೊಂಡು ಹೋಗ್ಬೇಡ. ಈ ಕಡೆ ಒಂದು, ಎದುರು ಕಡೆ ಒಂದು. ಇಲ್ದಿದ್ರೆ ಚೇಂಬರ್ ಸೊಟ್ಟ ಆಯ್ತದೆ."

ಚೇಂಬರು ಕೈಗೆ ಬಂದಾಗ ಅದರ ಅಂಚಿಗೆ ಹಳೆಯ ಪ್ಯಾಕಿಂಗ್ ಸೀದ ಅನ್ನದ ಹಾಗೆ ಹತ್ತಿಕೊಂಡಿತ್ತು. ಲೋಹಕ್ಕೆ ಗೀರು ಬೀಳದ ಹಾಗೆ ಅದನ್ನು ಬ್ಲೇಡಿನಲ್ಲಿ ಕೆರೆಯಬೇಕು. ಎಂಜಿನ್ನಿನ ಕಡೆ ಉಳಿದದ್ದನ್ನು ನೆಲದ ಮೇಲೆ ಅಂಗಾತ ಮಲಗಿ ಕೆರೆದಳು. ಕಣ್ಣಿಗೆ ಕರಿ ಪುಡಿ ಉದುರಿತು. ಎಷ್ಟು ಸೋಪು ಹಾಕಿ ತೊಳೆದರೂ ಕೈಗೆ ಎಣ್ಣೆಯ ವಾಸನೆ ಉಳಿಯುತ್ತಿತ್ತು. ರಾತ್ರಿ ಊಟದಲ್ಲಿ ರಂಗರಾಜು, "ಮುದ್ದೆನೂ ಗ್ಯಾರೇಜ್ ವಾಸನೆ" ಅಂದ.

"ಹಂಗಾದ್ರೆ ನಾಳೆಯಿಂದ ನೀವು ಕೂತ್ಕೊಳ್ಳಿ ಗಾಡಿ ಹತ್ರ. ನಾನು ಮುದ್ದೆ ಮಾತ್ರ ಕಟ್ತೀನಿ."

"ಮಂಡಿಗೆ ಯಾರು ಹೋಗ್ತಾರೆ?"

"ಅದಕ್ಕೇ ಸುಮ್ನೆ ಉಣ್ಣಿ."

ಆ ಗಾಡಿಗೆ ಸಿದ್ಧ ಪ್ಯಾಕಿಂಗ್ ಯಾವ ಅಂಗಡಿಯಲ್ಲೂ ಇಲ್ಲ. ಹಾಳೆ ತಂದು ಕತ್ತರಿಸಿಕೊಳ್ಳಬೇಕು. ರಂಗರಾಜು ತಿಪಟೂರಿನಿಂದ ತಂದ ಮೊದಲ ಹಾಳೆ ದಪ್ಪವಾಯಿತು. "ಇದು ಲಾರಿಗೆ ಹಾಕೋದು ಕಣ್ಲಾ. ಒಂದ್ ಕೆಲ್ಸ ಸರಿಯಾಗಿ ಮಾಡಕ್ಕಾಗಲ್ವಾ ನಿಂಗೆ?" ಎಂದು ಅಪ್ಪ ರೇಗಿದರು. ಐವತ್ತು ಹತ್ತಿರವಾದ ಮಗ ಹಾಳೆಯನ್ನು ಮೂಲೆಗೆ ಎಸೆದ. ಮೂರು ದಿನ ಅಪ್ಪ ಮಗ ಮಾತಾಡಲಿಲ್ಲ. ಇಬ್ಬರೂ ಮಂಗಳಾಳ ಕೈಯಲ್ಲೇ ಹೇಳಿಕಳಿಸಿದರು. "ನಿನ್ ಗಂಡನಿಗೆ ಹೇಳು ತೆಳ್ಳಗಿರೋದು ತರ್ಲಿ ಅಂತ." "ನಿನ್ ಮಾವನಿಗೆ ಹೇಳು ಶನಿವಾರ ತರ್ತೀನಿ ಅಂತ." ಇಬ್ಬರೂ ಇದ್ದದ್ದು ಒಂದೇ ಪಡಸಾಲೆಯಲ್ಲಿ.

ಸರಿಯಾದ ಹಾಳೆ ಬಂದ ಮೇಲೆ ಮಂಗಳಾ ಚೇಂಬರಿನ ಅಂಚಿಗೆ ಎಣ್ಣೆ ಸವರಿ ಹಾಳೆಯ ಮೇಲೆ ಒತ್ತಿದಳು. ಗುರುತು ಮೂಡಿತು. ಬ್ಲೌಸಿನ ಕತ್ತರಿಯಲ್ಲೇ ಗುರುತಿನ ಮೇಲೆ ಕತ್ತರಿಸುತ್ತ ಹೋದಳು. ಕಂಕುಳ ತಿರುವು ಕತ್ತರಿಸಿ ಅಭ್ಯಾಸವಾದ ಕೈ ಎಲ್ಲೂ ತಡವರಿಸಲಿಲ್ಲ. ಬೋಲ್ಟಿನ ತೂತುಗಳನ್ನು ಸಣ್ಣ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಬಿಡಿಸಿದಳು.

ಚಿಕ್ಕರಂಗಯ್ಯ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಹಾಳೆ ಅವರ ಕೈಯಲ್ಲಿ ಅದುರುತ್ತಿತ್ತು. "ಚೆನ್ನಾಗೈತೆ ಕಣಮ್ಮ ನಿನ್ ಕೈ. ನನ್ ಮಗನಿಗೆ ಈ ಕೈ ಬರ್ಲಿಲ್ಲ."

ಇಷ್ಟು ವರ್ಷದಲ್ಲಿ ಅವರು ಅವಳಿಗೆ ಒಳ್ಳೆಯದೊಂದು ಮಾತಾಡಿದ್ದು ಅದೇ ಮೊದಲು. ಈಗ ತಟ್ಟೆಯ ವಿಷಯ ಹೇಳುತ್ತಾರೆ ಎಂದು ಮಂಗಳಾಗೆ ಅನ್ನಿಸಿತು. ಇಷ್ಟು ದಿನ ಪಕ್ಕದಲ್ಲಿ ಕೂತು, ಒಂದೇ ಬಟ್ಟೆಯಲ್ಲಿ ಕೈ ಒರೆಸಿಕೊಂಡು ಕೆಲಸ ಮಾಡಿದ್ದಾರೆ, ಒಂದು ಮಾತು ಅವರ ಬಾಯಿಂದ ಬಂದರೆ ಸಾಕು, ಊರಿಗೆ ಹೇಳದಿದ್ದರೂ ಪರವಾಗಿಲ್ಲ, ತನಗೆ ಹೇಳಿದರೆ ಸಾಕು. ಕಾದಳು. ಬರಲಿಲ್ಲ. ತಾನೇ ಬಾಯಿ ಬಿಟ್ಟಳು.

"ಮಾವ, ಅವತ್ತು ಆ ತಟ್ಟೆ..."

"ಗ್ರೀಸ್ ಡಬ್ಬಿ ಕೊಡು," ಅಂದರು ಚಿಕ್ಕರಂಗಯ್ಯ.

ಅವಳು ಕೊಟ್ಟಳು.

ಪ್ಯಾಕಿಂಗ್ ಕೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದು, ಹೊಸ ಎಣ್ಣೆ ತುಂಬಿದರು. ರಂಗರಾಜು ಕಿಕ್ಕರ್ ಒದ್ದ. ಗಾಡಿ ಕೆಮ್ಮಿ, ಹೊಗೆ ಉಗುಳಿ, ಆಮೇಲೆ ಗುಡುಗುಡು ಎಂದು ಶುರುವಾಯಿತು. ಅಪ್ಪ ಮಗ ಒಬ್ಬರನ್ನೊಬ್ಬರು ನೋಡಿ ನಕ್ಕರು. ಮನೆಯ ಪಾತ್ರೆಗಳೆಲ್ಲ ಅದುರಿದವು. ಮಂಗಳಾ ರಾತ್ರಿ ಕೆಳಗೆ ಹಾಸಿದ್ದ ದಿನಪತ್ರಿಕೆಯ ಮೇಲೆ ಬೆಳಿಗ್ಗೆ ನೋಡಿದರೆ ಒಂದು ಚುಕ್ಕೆಯೂ ಇರಲಿಲ್ಲ.

ಅವತ್ತು ಗಂಗಕ್ಕನಿಗೆ ಬಚ್ಚಲಲ್ಲಿ ಕುರ್ಚಿ ಹಾಕಿ ಕೂರಿಸಿ ಮೊದಲ ಸಲ ತಲೆಗೆ ನೀರು ಹಾಕುತ್ತಿದ್ದಳು. ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡುವಷ್ಟಾಗಿದ್ದಳು ಗಂಗಕ್ಕ.

"ನಿಂತೋಯ್ತಾ ಸೋರೋದು?"

"ನಿಂತೋಯ್ತು ಅತ್ತೆ."

ಗಂಗಕ್ಕ ಸೀಗೆಪುಡಿ ಕಣ್ಣಿಗೆ ಇಳಿಯದಂತೆ ಮುಖ ತಗ್ಗಿಸಿದ್ದಳು. ಹಾಗೆಯೇ ಹೇಳಿದಳು. "ಅವ್ರು ತಟ್ಟೆ ಎತ್ತಿದ್ದು ನಾನು ನೋಡ್ದೆ ಕಣೇ."

ಚೊಂಬು ಹಂಡೆಯೊಳಗೆ ಮುಳುಗಿಸಿದ್ದ ಮಂಗಳಾ ಅದನ್ನು ಎತ್ತಲಿಲ್ಲ.

"ಕಾರಿನ ಸದ್ದಾಯ್ತಲ್ಲ, ಆಗ ಎಳೆದು ಮಂಚದ ಕೆಳಕ್ಕೆ ತಳ್ಳಿದ್ರು. ನಾನು ಬಾಗ್ಲಲ್ಲೇ ನಿಂತಿದ್ದೆ. ಆಮ್ಯಾಕೆ ಕಾಫಿ ತುಳುಕೀತು ಅಂತ ಲೋಟನೇ ನೋಡ್ಕೊಂಡು ಬಂದೆ. ಮರ್ತೋಯ್ತು."

"ನೋಡಿದ್ರಾ? ನೋಡ್ಬುಟ್ಟು ಇಷ್ಟು ದಿನ ಸುಮ್ನಿದ್ರಾ?"

"ಅವ್ರ ಜೊತೆ ಬಾಳಬೇಕಲ್ಲ ಕಣೇ ನಾನು."

"ನಿಮ್ ಹೇಲು ಉಚ್ಚೆ ಎತ್ತಿದೋಳು ನಾನು. ಊರೋರೆಲ್ಲ ಬಂದು ನನ್ ಮುಖಕ್ಕೆ ಉಗಿದು ಹೋದ್ರು. ನೀವು ಅತ್ಲಾಗೆ ತಿರುಗಿ ಮಲಗಿದ್ರಿ."

ಗಂಗಕ್ಕನ ನೆನೆದ ಬಿಳಿ ಕೂದಲಿನಿಂದ ನೀರು ಮೊಣಕಾಲಿಗೆ ಇಳಿಯುತ್ತಿತ್ತು. ಮಂಗಳಾ ಉಳಿದ ನೀರನ್ನು ಹಾಕಿದಳು, ಟವೆಲಿನಿಂದ ಒರೆಸಿದಳು, ಸೀರೆ ಸುತ್ತಿದಳು, ಮಂಚಕ್ಕೆ ಕೂರಿಸಿದಳು. ಎಲ್ಲವನ್ನೂ ಎಂದಿನ ಹಾಗೆಯೇ ಮಾಡಿದಳು. ಅವತ್ತಿನಿಂದ ಅತ್ತೆಯ ಜೊತೆ ಮಾತು ಮಾತ್ರ ಬಿಟ್ಟಳು. ಊಟದ ತಟ್ಟೆ ತಂದಿಡುವುದು, ಎತ್ತಿಕೊಂಡು ಹೋಗುವುದು. "ಉಪ್ಪು ಕಮ್ಮಿ ಆಯ್ತೇನೋ" ಎಂದು ಗಂಗಕ್ಕ ಅಂದರೆ ಉಪ್ಪಿನ ಭರಣಿ ತಂದು ಪಕ್ಕದಲ್ಲಿ ಇಡುವುದು.

ಶಿವರಾತ್ರಿಗೆ ಮುಂಚೆ ಬಾಲರಾಜು ತನ್ನ ಇಬ್ಬರು ಗೆಳೆಯರೊಂದಿಗೆ ವ್ಯಾನು ತಂದ. ಚಿಕ್ಕರಂಗಯ್ಯ ಇಸ್ತ್ರಿ ಮಾಡಿದ ಪಂಚೆ, ಬಿಳಿ ಅಂಗಿ ತೊಟ್ಟು ಸಿದ್ಧರಾಗಿದ್ದರು. ಅವತ್ತು ರಜೆ, ರಂಗರಾಜುವೂ ಯೋಗಿತಾಳೂ ಮನೆಯಲ್ಲಿದ್ದರು. ಬಾಲರಾಜು ನೆಲಕ್ಕೆ ಕೂತು ಎಂಜಿನ್ನಿನ ತಳಕ್ಕೆ ಬೆರಳು ಸವರಿ ನೋಡಿದ. ಬೆರಳು ಒಣಗಿತ್ತು.

"ಯಾವ ಮೆಕ್ಯಾನಿಕ್ ಕೈಲಿ ಮಾಡಿಸಿದ್ರಿ ಯಜಮಾನ್ರೇ? ಬಹಳ ನೀಟಾಗಿದೆ."

"ಮೆಕ್ಯಾನಿಕ್ ಯಾಕೆ? ನಾನೇ ಬಿಚ್ಚಿ, ನಾನೇ ಹಾಕ್ದೆ. ಪ್ಯಾಕಿಂಗು ನಾನೇ ಕತ್ತರಿಸಿದ್ದು."

ಕಾಫಿ ತಂದಿದ್ದ ಮಂಗಳಾ ಲೋಟಗಳನ್ನು ಒಂದೊಂದಾಗಿ ಕೊಟ್ಟಳು.

"ಅಮ್ಮೋರು ಹೇಗಿದಾರೆ ಈಗ?" ಬಾಲರಾಜು ಲೋಟ ತೆಗೆದುಕೊಳ್ಳುತ್ತ ಕೇಳಿದ. "ಅವತ್ತು ನಮಗೇ ಬೇಜಾರಾಯ್ತು."

"ಓಡಾಡ್ತಾವ್ಳೆ. ಏನ್ ಮಾಡೋದು ಹೇಳಿ. ಮನೆ ಹೆಣ್ಮಕ್ಳಿಗೆ ಜವಾಬ್ದಾರಿ ಇರ್ಬೇಕು. ಒಂದ್ ತಟ್ಟೆ ಮಡಗು ಅಂದ್ರೆ ಅದಕ್ಕೂ..."

"ಮಡಗಿದ್ಲು."

ಎಲ್ಲರೂ ತಿರುಗಿದರು. ಗಂಗಕ್ಕ ವಾಕರ್ ಹಿಡಿದು ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅಷ್ಟು ದೂರ ಒಬ್ಬಳೇ ಬಂದದ್ದಕ್ಕೆ ಉಸಿರು ಹತ್ತುತ್ತಿತ್ತು.

"ಮಂಗಳಾ ಬೆಳಿಗ್ಗೆನೇ ಮಡಗಿದ್ಲು. ನಿಮ್ ಕಾರಿನ ಸದ್ದು ಕೇಳಿ ಇವ್ರೇ ಎತ್ತಿ ಮಂಚದ ಕೆಳಕ್ಕೆ ತಳ್ಳಿದ್ರು. ಸೋರ್ತದೆ ಅಂತ ನಿಮ್ಗೆ ಗೊತ್ತಾಗ್ಬಾರ್ದು ಅಂತ. ಪ್ಯಾಕಿಂಗು ಕತ್ತರಿಸಿದ್ದೂ ಅವಳೇ."

ಬಾಲರಾಜು ಲೋಟದೊಳಕ್ಕೆ ನೋಡಿದ. ಚಿಕ್ಕರಂಗಯ್ಯನವರ ಮುಖ ಕೆಂಪಾಗಲಿಲ್ಲ, ಕಪ್ಪಾಯಿತು. ಆಮೇಲೆ ನಕ್ಕರು.

"ಆಪರೇಷನ್ ಆದ್ಮೇಲೆ ತಲೆ ಒಸಿ ಹಿಂಗೇ ಇವಳಿಗೆ. ಏನೇನೋ ಮಾತಾಡ್ತಾಳೆ. ನಡೀರಿ, ಗಾಡಿ ಹತ್ತಿಸಾಣ."

ಗಾಡಿಯನ್ನು ಹಲಗೆಯ ಮೇಲೆ ತಳ್ಳಿ ವ್ಯಾನಿಗೆ ಏರಿಸಿದರು. ಮುದುಕರು ಮುಂದಿನ ಸೀಟಿನಲ್ಲಿ ಕೂತರು. ಒಳಗೆ ಬಂದು ಹೇಳಿ ಹೋಗಲಿಲ್ಲ. ಕಾಫಿ ಲೋಟಗಳು ಜಗಲಿಯ ಮೇಲೆ ಅರ್ಧರ್ಧ ಉಳಿದಿದ್ದವು.

ವ್ಯಾನು ಬೀದಿ ದಾಟಿದ ಮೇಲೆ ರಂಗರಾಜು ಒಳಗೆ ಬಂದ. ಅಮ್ಮನ ಕಡೆ ನೋಡಲಿಲ್ಲ. ನೇರ ಹೆಂಡತಿಯ ಎದುರು ನಿಂತ.

"ಸಮಾಧಾನ ಆಯ್ತಾ? ಹೊರಗಿನೋರ ಮುಂದೆ ಅಪ್ಪನ ಮಾನ ಕಳೆದ್ರೆ ನಿಂಗೆ ಸಮಾಧಾನ ಆಯ್ತಾ?"

"ನಾನೇನ್ ಮಾತಾಡ್ದೆ?"

"ಅಮ್ಮನ ಬಾಯಲ್ಲಿ ಆಡ್ಸಿದೋಳು ನೀನೇ. ದಿನಾ ಕಿವಿಗೆ ಊದಿರ್ತೀಯ."

"ಅಪ್ಪ," ಯೋಗಿತಾ ಅಂದಳು, "ಅಜ್ಜಿ ಹೇಳಿದ್ದು ನಿಜ ಅಂತ ನಿಂಗೆ ಆಸ್ಪತ್ರೇಲಿದ್ದಾಗ್ಲೇ ಗೊತ್ತು."

"ಗೊತ್ತು. ಗೊತ್ತಿದ್ರೆ? ಗೊತ್ತಿರೋದನ್ನೆಲ್ಲ ಬೀದೀಲಿ ನಿಂತು ಹೇಳಕ್ಕಾಯ್ತದಾ?"

"ಬೀದೀಲಿ ನಿಂತು ಹೇಳಿದ್ದು ನಿಮ್ಮಪ್ಪ," ಅಂದಳು ಗಂಗಕ್ಕ. "ನಾನು ಮನೆ ಒಳಗೆ ಹೇಳ್ದೆ."

ರಂಗರಾಜು ಚಪ್ಪಲಿ ಮೆಟ್ಟಿ ಹೊರಗೆ ಹೋದ. ಅವತ್ತು ಮಾಡಿದ ಅಡುಗೆ ಹಾಗೆಯೇ ಉಳಿಯಿತು.

ಚಿಕ್ಕರಂಗಯ್ಯ ತುಮಕೂರಿನಿಂದ ಶಾಲು, ಹಾರ ಹಾಕಿಸಿಕೊಂಡು ಬಂದರು. ಗಾಡಿ ಮತ್ತೆ ಪಡಸಾಲೆಯಲ್ಲಿ ನಿಂತಿತು. ಆದರೆ ಅವರು 'ನನ್ನನ್ನು ಸುಳ್ಳ ಅಂದವರ ಕೈಯ ಅನ್ನ ನನಗೆ ಬೇಡ' ಎಂದು ಹುಚ್ಚಕ್ಕನ ಮನೆಯ ಜಗಲಿಯಲ್ಲಿ ಕೂತು, ಇಲ್ಲಿಗೆ ಕೇಳುವ ಹಾಗೆ ಹೇಳಿದರು. ಮಾರನೆಯ ದಿನದಿಂದ ರಂಗರಾಜು ಕಿಕ್ಕರ್ ಒದ್ದು ಕೊಡುವುದು, ಅವರು ಆ ನಡುಗುವ ಕೈಯಲ್ಲೇ ಹ್ಯಾಂಡಲ್ ಹಿಡಿದು ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಉಂಡು ಬರುವುದು. ನಿಧಾನವಾಗಿ, ಎಲ್ಲರ ಕಣ್ಣಿಗೂ ಬೀಳುವ ಹಾಗೆ, ಬೀದಿಯ ನಡುವೆಯೇ ಹೋಗುತ್ತಿದ್ದರು. ಸೊಸೆ ಮಾವನಿಗೆ ಅನ್ನ ಹಾಕುತ್ತಿಲ್ಲ ಎಂಬ ಮಾತು ಊರು ತುಂಬಿತು. ಮಂಗಳಾ ಬ್ಲೌಸ್ ಕೊಡಲು ಹೋದ ಮನೆಯಲ್ಲಿ ಒಬ್ಬಾಕೆ, ಒಳಗೆ ಬಾ ಅನ್ನದೆ ಬಾಗಿಲಲ್ಲೇ ಕೈ ಚಾಚಿ ಬಟ್ಟೆ ತೆಗೆದುಕೊಂಡಳು.

ಆದರೂ ಮಂಗಳಾ ಹೊತ್ತುಹೊತ್ತಿಗೂ ಅವರ ಪಾಲಿನ ಮುದ್ದೆ ಕಟ್ಟಿ, ಸಾರು ಬಗ್ಗಿಸಿ, ಮುಚ್ಚಿ ಇಡುತ್ತಿದ್ದಳು. ಬೆಳಿಗ್ಗೆ ಅದು ಹಸುವಿನ ಕಲಗಚ್ಚಿನ ಬಾನಿಗೆ ಹೋಗುತ್ತಿತ್ತು.

ಬಿಸಿಲು ಬಲಿಯುತ್ತಿದ್ದ ಒಂದು ಸಂಜೆ ಅವಳು ಎಸರಿಗೆ ಹಿಟ್ಟು ಅಳೆಯುತ್ತಿದ್ದಳು. ಗಂಗಕ್ಕ ಅಡುಗೆಮನೆಯ ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಇಬ್ಬರ ನಡುವೆ ಈಗಲೂ ಎಷ್ಟು ಬೇಕೋ ಅಷ್ಟೇ ಮಾತು.

"ಅವ್ರದ್ದು ಹಾಕ್ಬೇಡ," ಅಂದಳು ಗಂಗಕ್ಕ.

ಮಂಗಳಾ ತಿರುಗಿ ನೋಡಿದಳು. "ಊರೋರು ಏನಂತಾರೆ?"

"ಅಂತಿರೋದನ್ನೇ ಅಂತಾರೆ. ಹಸುಗೆ ಬೇಕಾದ್ರೆ ಹಸುಗೆ ಅಂತ ಮಾಡು."

ಮಂಗಳಾ ಪಾತ್ರೆಯ ಮೇಲೆ ಹಿಡಿದಿದ್ದ ಹಿಟ್ಟಿನ ಪಾವನ್ನು ಡಬ್ಬಕ್ಕೆ ವಾಪಸ್ ಸುರಿದು ಮುಚ್ಚಳ ಹಾಕಿದಳು.

"ಅವತ್ತು ಬಂದೋರ ಮುಂದೆ ಹೇಳಿ ಏನ್ ಬಂತು ಅತ್ತೆ?" ಕೋಲು ಹಾಕಿ ಹಿಟ್ಟು ತಿರುವುತ್ತ ಕೇಳಿದಳು.

"ಏನೂ ಬರ್ಲಿಲ್ಲ."

"ಅವತ್ತೇ ಹೇಳಿದ್ರೆ ಬತ್ತಿತ್ತು."

"ಬತ್ತಿತ್ತು," ಗಂಗಕ್ಕ ಒಪ್ಪಿಕೊಂಡಳು. ಬೆಳ್ಳುಳ್ಳಿಯ ಬಟ್ಟಲನ್ನು ನೆಲದ ಮೇಲೆ ಸೊಸೆಯ ಕಡೆಗೆ ಸರಿಸಿದಳು.

ಮಂಡಿಯಿಂದ ರಂಗರಾಜು ಬಂದ, ಕೈಕಾಲು ತೊಳೆದ. ಯೋಗಿತಾ ತಟ್ಟೆಗಳನ್ನು ಹಾಕಿದಳು. ಅಪ್ಪನ ಪಾಲು ಮುಚ್ಚಿಡುವ ಜಾಗ ಬರಿದಾಗಿದ್ದುದನ್ನು ರಂಗರಾಜು ನೋಡಿದ. ಏನೂ ಕೇಳದೆ ಕೂತ. ಅಷ್ಟರಲ್ಲಿ ಹೊರಗೆ ಗಾಡಿಯ ಸದ್ದು ಬಂದು ನಿಂತಿತು. ಚಿಕ್ಕರಂಗಯ್ಯ ಬೀದಿಯಲ್ಲಿ ಯಾರನ್ನೋ ಕರೆದು ಗಾಡಿಯನ್ನು ಒಳಕ್ಕೆ ತಳ್ಳಿಸಿದರು. ಮಂಚ ಕಿರುಗುಟ್ಟಿತು.

"ಮಂಗಳಾ, ಕುಡಿಯೋಕೆ ನೀರು."

ಊಟ ಬಿಟ್ಟವರು ನೀರು ಬಿಟ್ಟಿರಲಿಲ್ಲ. ಮಂಗಳಾ ಅಭ್ಯಾಸಬಲದಿಂದ ಎದ್ದಳು.

"ಕೂತ್ಕೊಂಡು ಉಣ್ಣು," ಅಂದಳು ಗಂಗಕ್ಕ.

ಮಂಗಳಾ ನಿಂತೇ ಇದ್ದಳು. ಗಂಡನ ಮುಖ ನೋಡಿದಳು. ಅವನು ತಲೆ ಬಗ್ಗಿಸಿ ಮುದ್ದೆ ಮುರಿಯುತ್ತಿದ್ದ. ಪಡಸಾಲೆಯಿಂದ ಇನ್ನೊಂದು ಸಲ ಕೂಗು ಬಂತು, ಮೊದಲಿಗಿಂತ ಗಟ್ಟಿಯಾಗಿ. ಮಂಗಳಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮಗಳ ಪಕ್ಕದಲ್ಲಿ ಕೂತಳು, ತಟ್ಟೆ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಮಂಚ ಮತ್ತೊಮ್ಮೆ ಕಿರುಗುಟ್ಟಿತು, ಕಾಲು ಎಳೆಯುವ ಸದ್ದು ಹಿತ್ತಿಲ ನಲ್ಲಿಯ ಕಡೆಗೆ ಹೋಯಿತು.

"ಸಾರು ಬಿಡು," ಅಂದ ರಂಗರಾಜು, ತಲೆ ಎತ್ತದೆ.

ಮಂಗಳಾ ಸೌಟನ್ನು ಸಾರಿನ ಪಾತ್ರೆಯಲ್ಲಿಟ್ಟು ಅವನ ಕಡೆಗೆ ತಳ್ಳಿದಳು.